ಕ್ರೆಡಿಟ್ ಕಾರ್ಡ್ ಬಾಕಿ ತೀರಿಸಿ, ಕೆಟ್ಟ ಸಿಬಿಲ್ ಸ್ಕೋರ್ ಸರಿಪಡಿಸಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕಾರ್ಡ್ ಬಿಲ್ ಕಟ್ಟುವುದು ತಪ್ಪಿದಾಗ ತಲೆಗೆ ಬರುವುದು ಎರಡು ತೊಂದರೆ. ಒಂದು ದುಡ್ಡಿನದು, ಅಂದರೆ ತಿಂಗಳು ತಿಂಗಳೂ ಬೆಳೆಯುವ ಬಾಕಿ. ಇನ್ನೊಂದು ದಾಖಲೆಯದು, ಅಂದರೆ ಕ್ರೆಡಿಟ್ ರಿಪೋರ್ಟಿನಲ್ಲಿ (ಸಾಲ ತೀರಿಸಿದ ಇತಿಹಾಸದ ದಾಖಲೆ, ಸಿಬಿಲ್ ಸ್ಕೋರ್ ಹುಟ್ಟುವುದು ಇದರಿಂದಲೇ) ಕೂತುಬಿಡುವ ತಡಪಾವತಿಯ ಗುರುತು. ಎರಡಕ್ಕೂ ಮದ್ದು ಬೇರೆ. ಮಿನಿಮಮ್ ಡ್ಯೂ (ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಕಟ್ಟಿದರೆ ದಾಖಲೆ ಉಳಿಯುತ್ತದೆ, ಬಾಕಿ ಇಳಿಯುವುದಿಲ್ಲ. ಸೆಟ್ಲ್‌ಮೆಂಟ್ (ಕಡಿಮೆ ಮೊತ್ತಕ್ಕೆ ರಾಜಿ) ಮಾಡಿಕೊಂಡರೆ ಬಾಕಿ ಮುಗಿಯುತ್ತದೆ, ದಾಖಲೆ ಕೆಡುತ್ತದೆ. ಎರಡನ್ನೂ ಒಂದೇ ಎಂದುಕೊಂಡವರು ಕೈಯಲ್ಲಿದ್ದ ಅಷ್ಟಿಷ್ಟು ಹಣವನ್ನು ತಪ್ಪು ಕಾರ್ಡಿಗೆ, ತಪ್ಪು ಹೊತ್ತಿನಲ್ಲಿ ಹಾಕಿಬಿಡುತ್ತಾರೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಹಂತಗಳ ಅನುಕ್ರಮಕ್ಕೇ ಹೆಚ್ಚು ಮಹತ್ವ. ಇಲ್ಲಿನ ನಿಯಮಗಳೆಲ್ಲ ಭಾರತದ ಬ್ಯಾಂಕುಗಳಿಗೆ ಸಂಬಂಧಿಸಿದವು.

ಹಂತ 1: ಕಾರ್ಡಿಗೊಂದು ಸಾಲಿನಂತೆ ಲೆಕ್ಕ ಬರೆಯಿರಿ

ಪ್ರತಿ ಕಾರ್ಡಿನ ಕೊನೆಯ ಸ್ಟೇಟ್‌ಮೆಂಟ್ ತೆರೆದು ಏಳು ವಿಷಯ ಬರೆದುಕೊಳ್ಳಿ: ಟೋಟಲ್ ಡ್ಯೂ, ಮಿನಿಮಮ್ ಡ್ಯೂ, ಆ ಮಿನಿಮಮ್‌ನಲ್ಲಿ ಹಿಂದಿನ ತಿಂಗಳ ಓವರ್‌ಡ್ಯೂ ಎಷ್ಟು, ಡ್ಯೂ ಡೇಟ್, ತಿಂಗಳ ಬಡ್ಡಿ ದರ, ಇನ್ನೂ ಬಿಲ್ಲಿಗೆ ಬರದ ಇಎಂಐ ಅಸಲು, ಕಾರ್ಡಿನ ಲಿಮಿಟ್.

ಇದರಲ್ಲಿ ಜನ ಎಡವುವುದು ಇಎಂಐ ವಿಷಯದಲ್ಲಿ. ₹60,000ದ ಫೋನನ್ನು 12 ತಿಂಗಳ ಇಎಂಐ ಮಾಡಿಸಿದ್ದರೆ ಟೋಟಲ್ ಡ್ಯೂನಲ್ಲಿ ಕಾಣುವುದು ಈ ತಿಂಗಳ ಕಂತು ಮಾತ್ರ. ಮಿಕ್ಕ ಹನ್ನೊಂದು ಕಂತುಗಳ ಅಸಲು ಅಲ್ಲಿರುವುದಿಲ್ಲ. ನಿಜವಾದ ಸಾಲ ಎಷ್ಟೆಂದು ತಿಳಿಯಲು ಆ್ಯಪ್‌ನಲ್ಲಿ 'ಟೋಟಲ್ ಔಟ್‌ಸ್ಟ್ಯಾಂಡಿಂಗ್' ನೋಡಿ, ಇಲ್ಲವೇ ಕಸ್ಟಮರ್ ಕೇರ್‌ಗೆ ಕರೆ ಮಾಡಿ ಬಾಕಿ ಇಎಂಐ ಅಸಲನ್ನೂ ಸೇರಿಸಿ ಕೇಳಿ.

ಬಳಸದೆ ಬಿಟ್ಟ ಹಳೇ ಕಾರ್ಡುಗಳನ್ನೂ ಪಟ್ಟಿಗೆ ಸೇರಿಸಿ. ₹500 ವಾರ್ಷಿಕ ಶುಲ್ಕ, ಅದರ ಮೇಲೆ ಜಿಎಸ್‌ಟಿ ಸೇರಿ ₹590. ಇಷ್ಟೇ ಮೊತ್ತ ಯಾರ ಗಮನಕ್ಕೂ ಬಾರದೆ ಉಳಿದು, ಅದಕ್ಕೆ ಲೇಟ್ ಫೀ ಕೂಡಿಕೊಂಡು, ಒಂದೇ ಒಂದು ಸಲವೂ ಉಜ್ಜದ ಕಾರ್ಡ್ ರಿಪೋರ್ಟಿನಲ್ಲಿ ಸುಸ್ತಿಯಾಗಿ ಕಾಣುವುದು ಅಪರೂಪವೇನಲ್ಲ.

ಹಂತ 2: ಬಡ್ಡಿ ಹೇಗೆ ಬೀಳುತ್ತದೆ, ಒಮ್ಮೆ ಕೂತು ನೋಡಿ

ಕಾರ್ಡ್ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ 3.5ರಿಂದ 3.75 ಪರ್ಸೆಂಟ್, ಅಂದರೆ ವರ್ಷಕ್ಕೆ 42ರಿಂದ 45 ಪರ್ಸೆಂಟ್. ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ವರ್ಷಕ್ಕೆ 30 ಪರ್ಸೆಂಟ್ ಮೀರಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು. ಹಾಗಾಗಿ '30ಕ್ಕಿಂತ ಹೆಚ್ಚು ವಸೂಲಿ ಮಾಡುವ ಹಾಗಿಲ್ಲ' ಎಂಬ ಹಳೆಯ ವಾಟ್ಸ್ಆ್ಯಪ್ ಸಂದೇಶ ನಂಬಿ ಬ್ಯಾಂಕಿನ ಜತೆ ವಾದಕ್ಕಿಳಿದು ಪ್ರಯೋಜನವಿಲ್ಲ.

ಒಂದು ಲಕ್ಷ ಬಾಕಿ, ತಿಂಗಳಿಗೆ 3.5 ಪರ್ಸೆಂಟ್ ಎಂದಿಟ್ಟುಕೊಳ್ಳಿ. ಮೊದಲ ತಿಂಗಳ ಬಡ್ಡಿ ₹3,500, ಜಿಎಸ್‌ಟಿ ₹630, ಒಟ್ಟು ₹4,130. ನೀವು ಮಿನಿಮಮ್ ಎಂದು ₹5,000 ಕಟ್ಟಿದರೆ ಅಸಲಿಗೆ ಹೋದದ್ದು ₹870. ಬಾಕಿ ಇನ್ನೂ ₹99,130. ಅದೇ ಬಾಕಿಗೆ ತಿಂಗಳಿಗೆ ₹10,000 ಕಟ್ಟುತ್ತ ಹೋದರೆ 14ನೇ ತಿಂಗಳಿಗೆ ಮುಗಿಯುತ್ತದೆ, ಬಡ್ಡಿ ಮತ್ತು ತೆರಿಗೆಗೆ ಹೋಗುವುದು ಸುಮಾರು ₹31,500. ತಿಂಗಳಿಗೆ ₹15,000 ಆದರೆ ಎಂಟೇ ತಿಂಗಳು, ಬಡ್ಡಿ-ತೆರಿಗೆ ಸುಮಾರು ₹19,400. ಈ ಲೆಕ್ಕವೆಲ್ಲ ನಿಲ್ಲುವುದು ಕಾರ್ಡಿನಲ್ಲಿ ಹೊಸ ಖರ್ಚು ಮಾಡದಿದ್ದರೆ ಮಾತ್ರ.

ಯಾಕೆಂದರೆ ಹಳೆಯ ಬಾಕಿ ಸ್ವಲ್ಪ ಉಳಿದಿದ್ದರೂ ಬಡ್ಡಿರಹಿತ ಅವಧಿ ನಿಂತುಹೋಗುತ್ತದೆ. 45 ದಿನ, 50 ದಿನ ಬಡ್ಡಿಯಿಲ್ಲ ಎನ್ನುವುದು ಪೂರ್ತಿ ಬಿಲ್ ಕಟ್ಟುವವರಿಗೆ. ಬಾಕಿ ಉಳಿಸಿಕೊಂಡವರು ಇವತ್ತು ದಿನಸಿಗೆ ₹10,000 ಉಜ್ಜಿದರೆ ಇವತ್ತಿನಿಂದಲೇ ಬಡ್ಡಿ ಶುರು. ತಿಂಗಳಿಗೆ ಜಿಎಸ್‌ಟಿ ಸೇರಿ ₹413. ಎಟಿಎಂನಿಂದ ನಗದು ತೆಗೆದರಂತೂ ಬಿಲ್ ಪೂರ್ತಿ ಕಟ್ಟುವವರಿಗೂ ಮೊದಲ ದಿನದಿಂದ ಬಡ್ಡಿ, ಜತೆಗೆ ಶುಲ್ಕ.

ಸ್ಟೇಟ್‌ಮೆಂಟಿನಲ್ಲಿ ಇನ್ನೊಂದನ್ನು ಪರೀಕ್ಷಿಸಿ. ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಕಾರ್ಡ್ ನಿಯಮಗಳಲ್ಲಿ ಹೇಳಿದೆ. ಲೇಟ್ ಫೀಯನ್ನೂ ಡ್ಯೂ ಡೇಟ್ ನಂತರ ಉಳಿದ ಮೊತ್ತದ ಮೇಲಷ್ಟೇ ಲೆಕ್ಕ ಹಾಕಬೇಕು, ಇಡೀ ಬಿಲ್ಲಿನ ಮೇಲಲ್ಲ. ಲೆಕ್ಕ ತಾಳೆಯಾಗದಿದ್ದರೆ ಇಮೇಲ್‌ನಲ್ಲಿ ವಿವರಣೆ ಕೇಳಿ. ಫೋನಿನಲ್ಲಿ ಕೇಳಿದ್ದಕ್ಕೆ ನಿಮ್ಮ ಕೈಯಲ್ಲಿ ಪುರಾವೆ ಉಳಿಯುವುದಿಲ್ಲ.

ಹಂತ 3: ಕಾರ್ಡನ್ನು ನಿಲ್ಲಿಸಿ, ಆಟೊಪೇಗಳನ್ನು ಕೀಳಿ

ಕಾರ್ಡನ್ನು ಕತ್ತರಿಸಿ ಎಸೆದರೂ ಅದಕ್ಕೆ ಜೋಡಿಸಿದ ಆಟೊಪೇಗಳು ಓಡುತ್ತಲೇ ಇರುತ್ತವೆ. ಸಿನಿಮಾ ಆ್ಯಪ್, ಫೋನ್ ರೀಚಾರ್ಜ್, ಕ್ಲೌಡ್ ಸ್ಟೋರೇಜ್, ವಿಮೆಯ ಪ್ರೀಮಿಯಂ ಎಲ್ಲವನ್ನೂ ಬ್ಯಾಂಕ್ ಆ್ಯಪ್‌ನ ಇ-ಮ್ಯಾಂಡೇಟ್ ಪುಟದಲ್ಲಿ ಹುಡುಕಿ ರದ್ದು ಮಾಡಿ. ವಿಮೆಯದನ್ನು ರದ್ದು ಮಾಡುವ ಮೊದಲು ಉಳಿತಾಯ ಖಾತೆಗೆ ಬದಲಾಯಿಸಿ, ಇಲ್ಲದಿದ್ದರೆ ಪಾಲಿಸಿ ಲ್ಯಾಪ್ಸ್ ಆಗುತ್ತದೆ. ಬಳಿಕ ಆ್ಯಪ್‌ನಲ್ಲೇ ಆನ್‌ಲೈನ್, ಸ್ವೈಪ್, ವಿದೇಶಿ ವ್ಯವಹಾರ ಮೂರನ್ನೂ ಆಫ್ ಮಾಡಿ. ಕಾರ್ಡ್ ಮುಚ್ಚಿಸುವುದು ಈಗಲ್ಲ. ಬಾಕಿ ಇರುವಾಗ ಅದು ಆಗುವುದೂ ಇಲ್ಲ.

ಹಂತ 4: ಕೈಯಲ್ಲಿರುವ ಹಣ ಮೊದಲು ಯಾವ ಕಾರ್ಡಿಗೆ?

ಇಲ್ಲಿ ದಿನಗಳ ಲೆಕ್ಕ ಗೊತ್ತಿರಬೇಕು.

ಡ್ಯೂ ಡೇಟ್ ಕಳೆದು ಮೂರು ದಿನ ಮೀರಿದರೆ ಮಾತ್ರ ಬ್ಯಾಂಕ್ ಲೇಟ್ ಫೀ ಹಾಕಬಹುದು, ಸಿಬಿಲ್‌ನಂಥ ಸಂಸ್ಥೆಗೆ 'ಪಾಸ್ಟ್ ಡ್ಯೂ' ಎಂದು ವರದಿ ಮಾಡಬಹುದು. 10ನೇ ತಾರೀಖು ಡ್ಯೂ ಇದ್ದು 13ರೊಳಗೆ ಕಟ್ಟಿದರೆ ದಾಖಲೆ ಉಳಿಯಿತು. ಮೂರು ದಿನ ದಾಟಿದರೆ ಎಣಿಕೆ 14ರಿಂದಲ್ಲ, ಡ್ಯೂ ಡೇಟ್‌ನಿಂದಲೇ ಶುರುವಾಗುತ್ತದೆ. ಬಡ್ಡಿಗೂ ಈ ಮೂರು ದಿನದ ವಿನಾಯಿತಿಗೂ ಸಂಬಂಧವಿಲ್ಲ.

ಮುಂದಿನ ಗಡಿ 90 ದಿನ. ಮಿನಿಮಮ್ ಡ್ಯೂ ಪೂರ್ತಿಯಾಗಿ 90 ದಿನದೊಳಗೆ ಬಾರದಿದ್ದರೆ ಖಾತೆ ಎನ್‌ಪಿಎ (ಬ್ಯಾಂಕಿನ ಲೆಕ್ಕದಲ್ಲಿ ಸುಸ್ತಿಬಿದ್ದ ಸಾಲ) ಆಗುತ್ತದೆ. ಎನ್‌ಪಿಎ ಎನ್ನುವುದು ಖಾತೆಗೆ ಅಂಟುವುದಲ್ಲ, ಸಾಲಗಾರನಿಗೆ ಅಂಟುವುದು. ಕಾರ್ಡ್ ಇರುವ ಬ್ಯಾಂಕಿನಲ್ಲೇ ನಿಮ್ಮ ಗೃಹಸಾಲವೂ ಇದ್ದರೆ, ಮನೆಯ ಕಂತು ಒಂದು ದಿನವೂ ತಪ್ಪದಿದ್ದರೂ ಅದೂ ಎನ್‌ಪಿಎ ಲೆಕ್ಕಕ್ಕೆ ಸೇರುತ್ತದೆ. ಒಮ್ಮೆ ಆ ಪಟ್ಟಿಗೆ ಹೋದ ಖಾತೆ ಮತ್ತೆ ಸ್ಟ್ಯಾಂಡರ್ಡ್ (ಸುಸ್ತಿಯಿಲ್ಲದ ಮಾಮೂಲಿ ಖಾತೆ) ಆಗಬೇಕಾದರೆ ಬಾಕಿ ಉಳಿದ ಎಲ್ಲ ಕಂತು, ಬಡ್ಡಿ ಪೂರ್ತಿ ಸಂದಾಯವಾಗಬೇಕು.

ಹಾಗಾಗಿ ಎಲ್ಲ ಕಾರ್ಡಿಗೂ ಮಿನಿಮಮ್ ಕಟ್ಟಲು ಹಣ ಸಾಲದಿದ್ದಾಗ ಅನುಸರಿಸಬೇಕಾದ ಅನುಕ್ರಮ ಇದು. ಮನೆ ಅಡವಿಟ್ಟ ಸಾಲದ ಕಂತು ಎಲ್ಲಕ್ಕಿಂತ ಮೊದಲು. ಕಾರ್ಡ್ ಸಾಲಕ್ಕೆ ಅಡವು ಇಲ್ಲ, ಮನೆಗಿದೆ. ಆಮೇಲೆ 90 ದಿನದ ಗಡಿಗೆ ಹತ್ತಿರವಿರುವ ಕಾರ್ಡ್, ಅದರಲ್ಲೂ ಬೇರೆ ಸಾಲವಿರುವ ಬ್ಯಾಂಕಿನದು. ಅದರ ನಂತರ ಇನ್ನೂ ಒಂದು ದಿನವೂ ತಪ್ಪದ ಕಾರ್ಡ್. ಆಗಲೇ 20-25 ದಿನ ತಡವಾಗಿರುವ ಕಾರ್ಡ್ ಕೊನೆಗೆ. ಅದಕ್ಕೆ ಆಗಬೇಕಾದ ಹಾನಿ ಒಂದಿಷ್ಟು ಆಗಿಹೋಗಿದೆ, ಮುಂದಿನ ಗಡಿಗೆ ಇನ್ನೂ ಸಮಯವಿದೆ.

ಎಲ್ಲ ಕಾರ್ಡಿಗೂ ಸ್ವಲ್ಪ ಸ್ವಲ್ಪ ಹಂಚುವುದು ಸಮಾಧಾನ ಕೊಡಬಹುದು, ಕೆಲಸಕ್ಕೆ ಬರುವುದಿಲ್ಲ. ₹6,200 ಮಿನಿಮಮ್ ಇರುವಲ್ಲಿ ₹4,000 ಕಟ್ಟಿದರೆ ದಾಖಲೆಯಲ್ಲಿ ಅದು ಕಟ್ಟದ ಕಂತೇ. ತಡವಾದ ಕಾರ್ಡನ್ನು ಸರಿಹಳಿಗೆ ತರಲು ಹಿಂದಿನ ಓವರ್‌ಡ್ಯೂ ಸೇರಿದ ಮಿನಿಮಮ್ ಪೂರ್ತಿ ಹೋಗಬೇಕು.

ಕಾರ್ಡ್ ಇರುವ ಬ್ಯಾಂಕಿನಲ್ಲೇ ಸಂಬಳದ ಖಾತೆಯೂ ಇದ್ದರೆ, ತುಂಬ ದಿನ ಬಾಕಿ ಉಳಿದಾಗ ಬ್ಯಾಂಕ್ ಆ ಖಾತೆಯ ಹಣಕ್ಕೆ ಲೀನ್ (ತೆಗೆಯಲಾಗದಂತೆ ತಡೆ) ಹಾಕುವುದುಂಟು. ಕಾರ್ಡ್ ಪಡೆಯುವಾಗ ಸಹಿ ಹಾಕಿದ ಷರತ್ತುಗಳಲ್ಲೇ ಆ ಹಕ್ಕು ಇರುತ್ತದೆ. ಬಾಡಿಗೆ, ಶಾಲಾ ಶುಲ್ಕದ ದಿನ ಖಾತೆಯಲ್ಲಿ ಹಣವಿದ್ದೂ ತೆಗೆಯಲಾಗದ ಸ್ಥಿತಿ ಬರದಂತೆ ಇದನ್ನು ಮೊದಲೇ ಲೆಕ್ಕಕ್ಕಿಟ್ಟುಕೊಳ್ಳಿ.

ಹಂತ 5: ದುಬಾರಿ ಸಾಲವನ್ನು ಅಗ್ಗದ ಸಾಲಕ್ಕೆ ಬದಲಾಯಿಸಿ

ಕಂತು ತಪ್ಪುವ ಮೊದಲೇ ಮಾಡಬೇಕಾದ ಕೆಲಸವಿದು. ಒಂದೆರಡು ತಡಪಾವತಿ ರಿಪೋರ್ಟಿಗೆ ಬಿದ್ದ ಮೇಲೆ ಪರ್ಸನಲ್ ಲೋನ್ ಬಾಗಿಲು ಮುಚ್ಚುತ್ತದೆ, ಬ್ಯಾಂಕಿನ ಇಎಂಐ ಆಫರ್ ಕೂಡ ಆ್ಯಪ್‌ನಿಂದ ಮಾಯವಾಗುತ್ತದೆ.

ಸುಲಭದ ದಾರಿ ಕಾರ್ಡ್ ಬಾಕಿಯನ್ನು ಅದೇ ಬ್ಯಾಂಕಿನಲ್ಲಿ ಇಎಂಐ ಮಾಡಿಸುವುದು. ಕೇಳಬೇಕಾದ ಪ್ರಶ್ನೆ ಒಂದೇ: ದರ ಫ್ಲ್ಯಾಟೋ (ಕೊನೆಯವರೆಗೂ ಮೊದಲಿನ ಇಡೀ ಸಾಲದ ಮೇಲೆ ಬಡ್ಡಿ), ರೆಡ್ಯೂಸಿಂಗೋ (ಇಳಿಯುತ್ತ ಹೋಗುವ ಬಾಕಿಯ ಮೇಲೆ ಮಾತ್ರ ಬಡ್ಡಿ)? ತಿಂಗಳಿಗೆ 1.25 ಪರ್ಸೆಂಟ್ ಫ್ಲ್ಯಾಟ್ ಎಂದರೆ ವರ್ಷಕ್ಕೆ 15 ಎಂದು ಕೇಳಿಸುತ್ತದೆ, ಆದರೆ 12 ತಿಂಗಳ ಸಾಲಕ್ಕೆ ಅದು ಇಳಿಕೆ ಬಾಕಿಯ ಲೆಕ್ಕದಲ್ಲಿ 26 ಪರ್ಸೆಂಟಿಗೂ ಹೆಚ್ಚು. ಜತೆಗೆ ಕಾರ್ಡ್ ಇಎಂಐನ ಬಡ್ಡಿ ಭಾಗಕ್ಕೆ ಪ್ರತಿ ತಿಂಗಳೂ 18 ಪರ್ಸೆಂಟ್ ಜಿಎಸ್‌ಟಿ ಬೀಳುತ್ತದೆ. ಪರ್ಸನಲ್ ಲೋನ್ ಬಡ್ಡಿಗೆ ಜಿಎಸ್‌ಟಿ ಇಲ್ಲ. ಎರಡೂ ಒಂದೇ ದರ ಎಂದು ಕಂಡಾಗ ಪರ್ಸನಲ್ ಲೋನ್ ಅಗ್ಗವಾಗುವುದು ಇದರಿಂದಲೇ.

ಒಂದು ಲಕ್ಷವನ್ನು 14 ಪರ್ಸೆಂಟಿಗೆ 12 ತಿಂಗಳ ಪರ್ಸನಲ್ ಲೋನ್ ಮಾಡಿದರೆ ಇಎಂಐ ಸುಮಾರು ₹8,979, ಒಟ್ಟು ಬಡ್ಡಿ ₹7,750ರ ಆಸುಪಾಸು. 2 ಪರ್ಸೆಂಟ್ ಪ್ರೊಸೆಸಿಂಗ್ ಫೀ, ಅದರ ಜಿಎಸ್‌ಟಿ ಸೇರಿಸಿದರೂ ಸುಮಾರು ₹10,100. ಕಾರ್ಡಿನಲ್ಲೇ ತಿಂಗಳಿಗೆ ₹10,000 ಕಟ್ಟಿದಾಗಿನ ₹31,500 ಜತೆ ಹೋಲಿಸಿ ನೋಡಿ.

ಪರ್ಸನಲ್ ಲೋನ್ ಸಿಗದವರಿಗೆ ಎಫ್‌ಡಿ ಮೇಲಿನ ಸಾಲ ಇದೆ. ಎಫ್‌ಡಿ ದರಕ್ಕಿಂತ ಒಂದೆರಡು ಪರ್ಸೆಂಟ್ ಮಾತ್ರ ಹೆಚ್ಚು, ಸ್ಕೋರ್ ಗೋಜಿಲ್ಲ. 7 ಪರ್ಸೆಂಟಿನ ಎಫ್‌ಡಿಯನ್ನು ಜೋಪಾನವಾಗಿಟ್ಟು 42 ಪರ್ಸೆಂಟ್ ಬಡ್ಡಿ ತೆರುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರು ಎಫ್‌ಡಿಯನ್ನು ಮುರಿದರೂ ಲಾಭವೇ. ಚಿನ್ನದ ಮೇಲಿನ ಸಾಲವೂ ಸರಿಯೇ, ಆದರೆ ತೀರಿಸುವ ದಿನಾಂಕ ಖಚಿತವಿದ್ದರೆ ಮಾತ್ರ. ಅವಧಿ ಮುಗಿದು ಹರಾಜಿಗೆ ಹೋದ ಒಡವೆ ಹಿಂದೆ ಬರುವುದಿಲ್ಲ.

ಎರಡು ದಾರಿಗಳ ಹತ್ತಿರವೂ ಸುಳಿಯಬೇಡಿ. ಒಂದು, ಅಂಗಡಿಯಲ್ಲಿ ಕಾರ್ಡ್ ಉಜ್ಜಿಸಿ 2-3 ಪರ್ಸೆಂಟ್ ಕಮಿಷನ್ ಹಿಡಿದುಕೊಂಡು ನಗದು ಕೊಡುವ 'ರೊಟೇಷನ್'. ಒಂದು ಕಾರ್ಡಿನ ಬಾಕಿ ಇನ್ನೊಂದಕ್ಕೆ ಹೋಗುತ್ತದೆ, ಪ್ರತಿ ಸುತ್ತಿಗೂ ಕಮಿಷನ್ ಕೂಡುತ್ತದೆ, ಕಾರ್ಡಿನ ಷರತ್ತನ್ನು ಮುರಿದಂತಾಗಿ ಬ್ಯಾಂಕ್ ಕಾರ್ಡನ್ನೇ ರದ್ದು ಮಾಡಬಹುದು. ಇನ್ನೊಂದು, ಹತ್ತು ನಿಮಿಷದಲ್ಲಿ ಹಣ ಕೊಡುವ ಸಾಲದ ಆ್ಯಪ್‌ಗಳು. ಯಾವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ (ಬ್ಯಾಂಕೇತರ ಹಣಕಾಸು ಸಂಸ್ಥೆ) ಪರವಾಗಿ ಸಾಲ ಕೊಡುತ್ತಿದೆ ಎಂದು ಹೇಳದ ಆ್ಯಪ್‌ಗೆ ನಿಮ್ಮ ಫೋನಿನ ಕಾಂಟ್ಯಾಕ್ಟ್ಸ್ ಅನುಮತಿ ಕೊಡುವುದೆಂದರೆ ಮುಂದೆ ನೆಂಟರಿಷ್ಟರಿಗೆಲ್ಲ ಬೈಗುಳದ ಕರೆ ಹೋಗಲು ದಾರಿ ಮಾಡಿಕೊಟ್ಟಂತೆ.

ಬಾಕಿ ಬೇರೆ ಸಾಲಕ್ಕೆ ಹೋದ ದಿನವೇ ಕಾರ್ಡಿನ ಲಿಮಿಟ್ ಮತ್ತೆ ಖರ್ಚಿಗೆ ಸಿಗುವಂತೆ ಕಾಣುತ್ತದೆ. ಈ ಯೋಜನೆ ಕೆಡುವುದು ಹೆಚ್ಚಾಗಿ ಅಲ್ಲೇ. ಆರು ತಿಂಗಳಲ್ಲಿ ಕಾರ್ಡೂ ತುಂಬಿ, ಲೋನೂ ಉಳಿದಿರುತ್ತದೆ. ಆ್ಯಪ್‌ನಲ್ಲಿ ಕಾರ್ಡಿನ ಬಳಕೆ ಮಿತಿಯನ್ನು ಅವತ್ತೇ ತಗ್ಗಿಸಿ.

ಹಂತ 6: ತೀರಿಸುವ ವೇಳಾಪಟ್ಟಿ

ಮೊದಲು ಹೆಚ್ಚು ಬಡ್ಡಿಯ ಸಾಲವೋ, ಚಿಕ್ಕ ಸಾಲವೋ ಎಂಬ ಚರ್ಚೆ ನಮ್ಮಲ್ಲಿ ಅಷ್ಟು ಮುಖ್ಯವಲ್ಲ, ಏಕೆಂದರೆ ಹೆಚ್ಚಿನ ಕಾರ್ಡುಗಳ ದರ ಹೆಚ್ಚುಕಡಿಮೆ ಒಂದೇ ಇರುತ್ತದೆ. ಚಿಕ್ಕ ಬಾಕಿಯನ್ನು ಮೊದಲು ಮುಗಿಸಿ. ಒಂದು ಡ್ಯೂ ಡೇಟ್ ಕಡಿಮೆಯಾಗುತ್ತದೆ, ಒಂದು ಮಿನಿಮಮ್ ತಪ್ಪುತ್ತದೆ, ಆ ಹಣ ಮುಂದಿನ ಕಾರ್ಡಿಗೆ ಸೇರುತ್ತದೆ. ಕಡಿಮೆ ದರದ ಇಎಂಐ ಮಾತ್ರ ಇರುವ ಕಾರ್ಡಿಗೆ ಹೆಚ್ಚುವರಿ ಹಣ ಹಾಕುವುದು ಬೇಡ, ಅದು ತನ್ನ ಪಾಡಿಗೆ ಮುಗಿಯಲಿ.

ಸಂಬಳ 1ನೇ ತಾರೀಖು ಬಂದು ಡ್ಯೂ ಡೇಟ್ 27 ಆಗಿದ್ದರೆ ಹಣ ಅಲ್ಲಿಯವರೆಗೆ ಉಳಿಯುವುದಿಲ್ಲ. ಬಿಲ್ಲಿಂಗ್ ಸೈಕಲ್ ಬದಲಾಯಿಸಿಕೊಳ್ಳಲು ಕನಿಷ್ಠ ಒಮ್ಮೆ ಅವಕಾಶ ಕೊಡಲೇಬೇಕೆಂದು ಆರ್‌ಬಿಐ ನಿಯಮವಿದೆ. ಡ್ಯೂ ಡೇಟ್ 5ರಿಂದ 8ರ ನಡುವೆ ಬೀಳುವಂತೆ ಮಾಡಿಸಿಕೊಳ್ಳಿ.

ಆಟೊ ಡೆಬಿಟ್ ಅನ್ನು ಸದ್ಯಕ್ಕೆ ಮಿನಿಮಮ್ ಡ್ಯೂಗೆ ಹಾಕಿ, ಹೆಚ್ಚುವರಿ ಹಣವನ್ನು ಸಂಬಳ ಬಂದ ಮರುದಿನ ಕೈಯಾರೆ ಕಟ್ಟಿ. ಟೋಟಲ್ ಡ್ಯೂಗೆ ಹಾಕಿ ಖಾತೆಯಲ್ಲಿ ಅಷ್ಟು ಹಣವಿಲ್ಲದಿದ್ದರೆ ಡೆಬಿಟ್ ಬೌನ್ಸ್ ಆಗಿ ಎರಡೂ ಕಡೆ ದಂಡ. ಬಾಕಿಯೆಲ್ಲ ತೀರಿದ ತಿಂಗಳು ಮರೆಯದೆ ಅದನ್ನು ಟೋಟಲ್ ಡ್ಯೂಗೆ ಬದಲಾಯಿಸಿ. ಮಿನಿಮಮ್‌ನಲ್ಲೇ ಬಿಟ್ಟು ಮರೆತವರು 'ಆಟೊಪೇ ಇದೆಯಲ್ಲ' ಎಂಬ ಧೈರ್ಯದಲ್ಲಿ ಮತ್ತೆ ಬಡ್ಡಿಗೆ ಬೀಳುತ್ತಾರೆ.

ಬೇರೆ ಆ್ಯಪ್‌ಗಳಿಂದ ಕಟ್ಟುವಾಗ ಹಣ ಕಾರ್ಡಿಗೆ ಜಮೆಯಾಗಲು ಒಂದೆರಡು ದಿನ ಹಿಡಿಯಬಹುದು. ಡ್ಯೂ ಡೇಟಿಗೆ ಮೂರು ದಿನ ಮೊದಲೇ ಕಟ್ಟಿಬಿಡಿ. ಬಹುಕಾಲದಿಂದ ಸರಿಯಾಗಿ ಕಟ್ಟುತ್ತಿದ್ದು ಒಮ್ಮೆ ಮಾತ್ರ ತಪ್ಪಿದ್ದರೆ ಲೇಟ್ ಫೀ ಮನ್ನಾ ಕೇಳಿ. ಕೊಡಲೇಬೇಕೆಂದಿಲ್ಲ, ಆದರೂ ಹಲವು ಸಲ ಕೊಡುತ್ತಾರೆ.

ಕಟ್ಟಲು ಸಾಧ್ಯವೇ ಇಲ್ಲದಾಗ

ಕೆಲಸ ಹೋಗಿದೆ, ಕಾಯಿಲೆ ಬಂದಿದೆ, ಮಿನಿಮಮ್ ಕೂಡ ಆಗುವುದಿಲ್ಲ ಎಂದಾದರೆ ಫೋನ್ ಸ್ವಿಚ್ ಆಫ್ ಮಾಡಿ ಕೂರಬೇಡಿ. ಬ್ಯಾಂಕಿಗೆ ಇಮೇಲ್ ಕಳಿಸಿ: ಆದಾಯ ನಿಂತ ಕಾರಣ, ಅದರ ದಾಖಲೆ, ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ, ಎಷ್ಟು ಅವಧಿ ಬೇಕು. ಬಾಕಿಯನ್ನು ಎರಡು-ಮೂರು ವರ್ಷದ ಇಎಂಐ ಆಗಿ ಮರುಹೊಂದಿಸಿ ಎಂದು ಕೇಳಿ. 'ರೀಸ್ಟ್ರಕ್ಚರ್ಡ್' ಎಂಬ ಗುರುತು ರಿಪೋರ್ಟಿಗೆ ಬೀಳಬಹುದು, ಆದರೂ ಸೆಟ್ಲ್‌ಮೆಂಟಿಗಿಂತ ವಾಸಿ.

ಸೆಟ್ಲ್‌ಮೆಂಟ್ ಕೊನೆಯ ದಾರಿ. ₹2 ಲಕ್ಷದ ಬಾಕಿಗೆ ₹90,000 ಕಟ್ಟಿ ಮುಗಿಸಿ ಎನ್ನುವುದು ಹಗುರವೆನಿಸುತ್ತದೆ. ಆದರೆ ರಿಪೋರ್ಟಿನಲ್ಲಿ ಅದು 'ಕ್ಲೋಸ್ಡ್' ಎಂದಲ್ಲ, 'ಸೆಟಲ್ಡ್' ಎಂದು ಬರುತ್ತದೆ. ಮುಂದೆ ಗೃಹಸಾಲಕ್ಕೆ ಹೋದಾಗ ಅಧಿಕಾರಿ ಮೊದಲು ಬೆರಳಿಡುವುದು ಆ ಪದದ ಮೇಲೆ. ಜತೆಗೆ 2023ರ ಜೂನ್‌ನ ಆರ್‌ಬಿಐ ಚೌಕಟ್ಟಿನ ಪ್ರಕಾರ, ರಾಜಿ ಮಾಡಿಕೊಂಡವರಿಗೆ ಆ ಬ್ಯಾಂಕ್ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ; ಕೃಷಿಸಾಲಕ್ಕೆ ಮಾತ್ರ ಲೆಕ್ಕ ಬೇರೆ.

ಬೇರೆ ಗತಿಯಿಲ್ಲದೆ ಸೆಟ್ಲ್‌ಮೆಂಟ್ ಮಾಡುವುದಾದರೆ ಬಾಯಿಮಾತಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ, ಕಾರ್ಡ್ ಸಂಖ್ಯೆ, ಒಪ್ಪಿದ ಮೊತ್ತ, ಕಂತುಗಳ ದಿನಾಂಕ, ಉಳಿದ ಬಾಕಿ ಬಿಟ್ಟಿದ್ದೇವೆ ಎಂಬ ಸ್ಪಷ್ಟ ವಾಕ್ಯವಿರುವ ಪತ್ರ ಮೊದಲು ಬರಲಿ. ಅದು ನಿಜವೇ ಎಂದು ಬ್ಯಾಂಕಿನ ಅಧಿಕೃತ ಇಮೇಲ್‌ಗೆ ಬರೆದು ಖಚಿತಪಡಿಸಿಕೊಳ್ಳಿ. ಹಣ ಕಾರ್ಡ್ ಖಾತೆಗೆ ಮಾತ್ರ ಹೋಗಬೇಕು, ಏಜೆಂಟ್‌ನ ಯುಪಿಐಗೆ ಅಲ್ಲ. ಕೊನೆಗೆ ನೋ ಡ್ಯೂ ಸರ್ಟಿಫಿಕೇಟ್ ಪಡೆಯಿರಿ. ಪತ್ರದಲ್ಲಿ ಹೇಳಿದ ಒಂದು ಕಂತು ತಪ್ಪಿದರೂ ರಾಜಿ ಮುರಿದುಬಿದ್ದು ಹಳೇ ಬಾಕಿ ಪೂರ್ತಿ ಎದ್ದು ಕೂರುತ್ತದೆ.

ಇನ್ನು 'ರೈಟ್ ಆಫ್' ಬಗ್ಗೆ. ರಿಪೋರ್ಟಿನಲ್ಲಿ ಆ ಪದ ಕಂಡರೆ ಸಾಲ ಮನ್ನಾ ಆಯಿತೆಂದಲ್ಲ. ಬ್ಯಾಂಕ್ ತನ್ನ ಲೆಕ್ಕದ ಪುಸ್ತಕದಿಂದ ತೆಗೆದಿದೆ, ವಸೂಲಿಯ ಹಕ್ಕು ಹಾಗೇ ಇದೆ.

ರಿಕವರಿ ಏಜೆಂಟರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೆದರಿಕೆ, ಅವಾಚ್ಯ ಮಾತು, ನೆಂಟರಿಗೆ-ಸ್ನೇಹಿತರಿಗೆ ಫೋನ್ ಮಾಡಿ ಮಾನ ಕಳೆಯುವುದು, ಇವಕ್ಕೂ ಅವಕಾಶವಿಲ್ಲ. ಮನೆಗೆ ಬಂದವರ ಬಳಿ ಗುರುತಿನ ಚೀಟಿ, ಬ್ಯಾಂಕಿನ ಅಧಿಕಾರ ಪತ್ರ ಕೇಳಿ. ಕರೆ ಬಂದ ಸಮಯ, ನಂಬರ್, ಆಡಿದ ಮಾತು ಬರೆದಿಟ್ಟು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತಾರದಿದ್ದರೆ ಆರ್‌ಬಿಐನ ಸಿಎಂಎಸ್ ಪೋರ್ಟಲ್‌ನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಶುಲ್ಕವಿಲ್ಲ. ಮಾಹಿತಿಗೆ 14448.

'ನಾಳೆ ಪೊಲೀಸ್ ಬರ್ತಾರೆ' ಎಂಬ ಬೆದರಿಕೆಗೆ ಹೆದರಬೇಡಿ. ಕಾರ್ಡ್ ಬಾಕಿ ಕಟ್ಟದಿರುವುದು ಸಿವಿಲ್ ವಿಷಯ. ಆದರೆ ಕೊಟ್ಟ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138, ಸಾಲದ ಕಂತಿಗೆ ಕೊಟ್ಟ ಎಲೆಕ್ಟ್ರಾನಿಕ್ ಮ್ಯಾಂಡೇಟ್ ಹಣವಿಲ್ಲದೆ ಬೌನ್ಸ್ ಆದರೆ 2007ರ ಪೇಮೆಂಟ್ ಮತ್ತು ಸೆಟ್ಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ ಸೆಕ್ಷನ್ 25. ಎರಡೂ ಕ್ರಿಮಿನಲ್ ಮೊಕದ್ದಮೆಯೇ. ಒತ್ತಡಕ್ಕೆ ಸಿಕ್ಕಿ ಮುಂದಿನ ದಿನಾಂಕದ ಚೆಕ್ ಬರೆದುಕೊಡುವುದು ಇದೇ ಕಾರಣಕ್ಕೆ ಅಪಾಯ. ಲೋಕ ಅದಾಲತ್‌ನಿಂದ ಬಂದ ನೋಟಿಸನ್ನು ಮಾತ್ರ ಎಸೆಯಬೇಡಿ. ಅಲ್ಲಿ ಹಲವು ಸಲ ಒಳ್ಳೆಯ ಮೊತ್ತಕ್ಕೆ ಮಾತು ಕುದುರುತ್ತದೆ.

ಹಂತ 7: ರಿಪೋರ್ಟ್ ತೆಗೆದು ಓದಿ

ದೇಶದಲ್ಲಿ ನಾಲ್ಕು ಕ್ರೆಡಿಟ್ ಮಾಹಿತಿ ಸಂಸ್ಥೆಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ರಿಪೋರ್ಟನ್ನು ಉಚಿತವಾಗಿ ಕೊಡಲೇಬೇಕು. ಮೂರು ತಿಂಗಳಿಗೊಂದು ಸಂಸ್ಥೆಯದನ್ನು ತೆಗೆದರೆ ವರ್ಷವಿಡೀ ಬಿಟ್ಟಿಯಾಗಿ ಕಣ್ಣಿಡಬಹುದು. ನಿಮ್ಮ ರಿಪೋರ್ಟನ್ನು ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ.

300ರಿಂದ 900ರ ಸ್ಕೋರ್ ಕಡೆಗೇ ಕಣ್ಣು ಹೋಗುವುದು ಸಹಜ. ಅದನ್ನು ಬಿಟ್ಟು ಪ್ರತಿ ಖಾತೆಯ ಕೆಳಗಿನ ಡಿಪಿಡಿ ಸಾಲನ್ನು ಓದಿ. ಡ್ಯೂ ಡೇಟ್ ಕಳೆದು ಎಷ್ಟು ದಿನವಾಗಿತ್ತು ಎಂಬ ಎಣಿಕೆ ಅದು, ಹಿಂದಿನ 36 ತಿಂಗಳದು ಇರುತ್ತದೆ. '000' ಎಂದರೆ ತಡವಿಲ್ಲ. 'ಎಕ್ಸ್‌ಎಕ್ಸ್‌ಎಕ್ಸ್' ಎಂದರೆ ಆ ತಿಂಗಳು ಬ್ಯಾಂಕ್ ಮಾಹಿತಿ ಕಳಿಸಿಲ್ಲ, ಗಾಬರಿ ಬೇಡ. '027', ಮುಂದಿನ ತಿಂಗಳು '058', ಅದರ ಮುಂದೆ '000' ಎಂದಿದ್ದರೆ ಎರಡು ತಿಂಗಳು ತಪ್ಪಿ ಮೂರನೆಯದಕ್ಕೆ ಪೂರ್ತಿ ಕಟ್ಟಿದ್ದೀರಿ ಎಂದರ್ಥ.

ತಪ್ಪು ಹುಡುಕಬೇಕಾದದ್ದು ಇಂಥಲ್ಲಿ: ನಿಮ್ಮದಲ್ಲದ ಖಾತೆ, ಮುಗಿದ ಸಾಲ ಇನ್ನೂ ಬಾಕಿ ಎಂದಿರುವುದು, ಸರಿಯಾಗಿ ಕಟ್ಟಿದ ತಿಂಗಳಿಗೆ ಡಿಪಿಡಿ ಸಂಖ್ಯೆ, ಪೂರ್ತಿ ಕಟ್ಟಿದ ಖಾತೆಗೆ 'ಸೆಟಲ್ಡ್' ಗುರುತು, ಜಾಮೀನು ಹಾಕಿದ ಬೇರೆಯವರ ಸಾಲದ ಸುಸ್ತಿ. ಕೊನೆಯದು ತಪ್ಪಲ್ಲ, ಅದು ನಿಮ್ಮ ಲೆಕ್ಕಕ್ಕೇ ಬರುತ್ತದೆ.

ತಪ್ಪು ಕಂಡರೆ ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಡಿಸ್ಪ್ಯೂಟ್ (ತಕರಾರು) ಹಾಕಿ. ಸಿಬಿಲ್ ಆದರೆ ರಿಪೋರ್ಟಿನ ಮೇಲಿರುವ ಕಂಟ್ರೋಲ್ ನಂಬರ್ ಬೇಕಾಗುತ್ತದೆ. ಅದೇ ದಿನ ಬ್ಯಾಂಕಿಗೂ ಪಾವತಿ ರಸೀದಿ, ಸ್ಟೇಟ್‌ಮೆಂಟ್, ನೋ ಡ್ಯೂ ಪತ್ರ ಸೇರಿಸಿ ಬರೆಯಿರಿ. ಸಂಸ್ಥೆ ತಾನಾಗಿ ಏನನ್ನೂ ತಿದ್ದುವುದಿಲ್ಲ, ಬ್ಯಾಂಕ್ ಒಪ್ಪಬೇಕು. ದೂರು 30 ದಿನದಲ್ಲಿ ಬಗೆಹರಿಯದಿದ್ದರೆ ನಂತರದ ಪ್ರತಿ ದಿನಕ್ಕೂ ₹100 ಪರಿಹಾರ ನಿಮಗೆ ಸಲ್ಲಬೇಕು. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆರ್‌ಬಿಐ ವ್ಯವಸ್ಥೆ ಇದು. ಬಾಕಿ ತೀರಿಸಿದ ಮೇಲೂ ಸುಸ್ತಿದಾರ ಎಂದೇ ತೋರಿಸುತ್ತಿದ್ದರೆ, ಅದನ್ನು 30 ದಿನದೊಳಗೆ ತಿದ್ದಿಸುವುದು ಕಾರ್ಡ್ ಕೊಟ್ಟ ಬ್ಯಾಂಕಿನ ಹೊಣೆ.

ನಿಜವಾಗಿ ತಡವಾಗಿದ್ದನ್ನು ಮಾತ್ರ ಯಾರೂ ಅಳಿಸಲಾರರು. '15 ದಿನದಲ್ಲಿ ಸಿಬಿಲ್ ಕ್ಲೀನ್, ಫೀಸ್ ₹8,000' ಎನ್ನುವವರು ನೀವೇ ಬಿಟ್ಟಿಯಾಗಿ ಹಾಕಬಹುದಾದ ಡಿಸ್ಪ್ಯೂಟ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಪ್ಯಾನ್, ಓಟಿಪಿ ಕೊಟ್ಟರೆ ನಷ್ಟ ಎಂಟು ಸಾವಿರಕ್ಕೆ ನಿಲ್ಲದೆಯೂ ಹೋಗಬಹುದು.

ಹಂತ 8: ಸ್ಕೋರ್ ಮತ್ತೆ ಕಟ್ಟುವುದು

ಸ್ಕೋರ್ ಏರುವುದು ಹೊಸ '000'ಗಳು ಸೇರಿದಂತೆ. ಇದಕ್ಕೆ ಅಡ್ಡದಾರಿಯಿಲ್ಲ, ಆದರೆ ವೇಗ ಹೆಚ್ಚಿಸುವ ಕೆಲವು ಕೆಲಸಗಳಿವೆ.

ಎಲ್ಲಕ್ಕಿಂತ ಬೇಗ ಫಲ ಕೊಡುವುದು ಲಿಮಿಟ್ ಬಳಕೆ. ಒಂದು ಲಕ್ಷ ಲಿಮಿಟ್‌ನಲ್ಲಿ ₹92,000 ಬಾಕಿ ಇದ್ದರೆ, ಒಂದೂ ಕಂತು ತಪ್ಪದಿದ್ದರೂ ಸ್ಕೋರ್ ಕೆಳಗಿರುತ್ತದೆ. 30 ಪರ್ಸೆಂಟಿನೊಳಗೆ ಇಟ್ಟುಕೊಳ್ಳಿ. ಬಿಲ್ ಪೂರ್ತಿ ಕಟ್ಟುವವರೂ ಇಲ್ಲಿ ಸಿಕ್ಕಿಬೀಳುವುದುಂಟು: ಬ್ಯಾಂಕ್ ವರದಿ ಮಾಡುವ ದಿನ ಬಾಕಿ ಎಷ್ಟಿತ್ತೋ ಅದೇ ದಾಖಲಾಗುತ್ತದೆ, ನೀವು ಆಮೇಲೆ ಕಟ್ಟಿದ್ದಲ್ಲ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆ, ಅಂದರೆ 15ನೇ ತಾರೀಖು ಮತ್ತು ತಿಂಗಳ ಕೊನೆಯ ದಿನದ ಸ್ಥಿತಿಯನ್ನು ಕಳಿಸಬೇಕಾಯಿತು. ಡ್ಯೂ ಡೇಟ್ ತನಕ ಕಾಯದೆ, ದೊಡ್ಡ ಖರ್ಚಾದ ವಾರವೇ ಒಂದಿಷ್ಟು ಕಟ್ಟಿಬಿಟ್ಟರೆ ಅಂಕಿ ಕಡಿಮೆ ಕಾಣುತ್ತದೆ.

ಕಾರ್ಡ್ ರದ್ದಾಗಿದೆ, ಹೊಸದು ಸಿಗುತ್ತಿಲ್ಲ ಎನ್ನುವವರಿಗೆ ಎಫ್‌ಡಿ ಮೇಲಿನ ಕಾರ್ಡ್ ಇದೆ. ₹15,000-20,000 ಎಫ್‌ಡಿ ಇಟ್ಟರೆ ಅದರ ಬಹುಪಾಲು ಮೊತ್ತಕ್ಕೆ ಲಿಮಿಟ್ ಕೊಡುವ ಬ್ಯಾಂಕುಗಳಿವೆ. ಎಫ್‌ಡಿಗೆ ಬಡ್ಡಿಯೂ ಬರುತ್ತದೆ. ಅದರ ಮೇಲೆ ಮೊಬೈಲ್ ಅಥವಾ ವಿದ್ಯುತ್ ಬಿಲ್ ಒಂದನ್ನೇ ಹಾಕಿ, ಟೋಟಲ್ ಡ್ಯೂಗೆ ಆಟೊ ಡೆಬಿಟ್ ಕೊಟ್ಟು, ಬೇರೆ ಯಾವುದಕ್ಕೂ ಬಳಸಬೇಡಿ. ಪಡೆಯುವ ಮೊದಲು ವಾರ್ಷಿಕ ಶುಲ್ಕ ಇದೆಯೇ, ಕ್ರೆಡಿಟ್ ಸಂಸ್ಥೆಗಳಿಗೆ ವರದಿ ಮಾಡುತ್ತಾರೆಯೇ ಎಂದು ಕೇಳಿ. ವರದಿಯಾಗದ ಕಾರ್ಡಿನಿಂದ ನಿಮಗೆ ಪ್ರಯೋಜನವಿಲ್ಲ.

ಹೊಸ ಅರ್ಜಿಗಳಲ್ಲಿ ಸಂಯಮವಿರಲಿ. ಅರ್ಜಿ ಹಾಕಿದಾಗಲೆಲ್ಲ ಬ್ಯಾಂಕ್ ರಿಪೋರ್ಟ್ ತೆಗೆಯುತ್ತದೆ, ಅದು ದಾಖಲಾಗುತ್ತದೆ. ಒಂದು ಕಡೆ ತಿರಸ್ಕಾರವಾದ ಕೂಡಲೇ ಇನ್ನೂ ನಾಲ್ಕು ಕಡೆ ಹಾಕಿದರೆ ಹಣಕ್ಕೆ ಪರದಾಡುತ್ತಿರುವವರಂತೆ ಕಾಣುತ್ತೀರಿ. ತಿರಸ್ಕಾರದ ನಂತರ ಆರು ತಿಂಗಳಾದರೂ ಬಿಡಿ.

ಹಳೆಯ ಕಾರ್ಡುಗಳಲ್ಲಿ ಬಾಕಿ ತೀರಿದ ಮೇಲೆ ವಾರ್ಷಿಕ ಶುಲ್ಕವಿಲ್ಲದ ಅತಿ ಹಳೆಯದನ್ನು ಉಳಿಸಿಕೊಳ್ಳಿ, ಶುಲ್ಕದವನ್ನು ಮುಚ್ಚಿಸಿ. ಎಲ್ಲವನ್ನೂ ಒಟ್ಟಿಗೆ ಮುಚ್ಚಿದರೆ ಒಟ್ಟು ಲಿಮಿಟ್ ಕುಸಿದು ಬಳಕೆಯ ಪ್ರಮಾಣ ಏರುತ್ತದೆ. ಮುಚ್ಚುವಂತೆ ಕೋರಿಕೆ ಕೊಟ್ಟ ಏಳು ಕೆಲಸದ ದಿನಗಳಲ್ಲಿ ಬ್ಯಾಂಕ್ ಮುಚ್ಚಬೇಕು. ಬಾಕಿ ಏನೂ ಇಲ್ಲದಿದ್ದೂ ತಡ ಮಾಡಿದರೆ ದಿನಕ್ಕೆ ₹500ರಂತೆ ನಿಮಗೆ ಕೊಡಬೇಕು. ಆದ್ದರಿಂದ ಕೋರಿಕೆಯನ್ನು ಇಮೇಲ್ ಅಥವಾ ಆ್ಯಪ್ ಮೂಲಕವೇ ಕೊಟ್ಟು ರೆಫರೆನ್ಸ್ ನಂಬರ್ ಇಟ್ಟುಕೊಳ್ಳಿ.

ಹಿಂದೆ 'ಸೆಟಲ್ಡ್' ಆಗಿದ್ದ ಖಾತೆಗೆ ದಾರಿ ಪೂರ್ತಿ ಮುಚ್ಚಿಲ್ಲ. ಕೈಗೆ ಹಣ ಬಂದಾಗ ಬ್ಯಾಂಕನ್ನು ಸಂಪರ್ಕಿಸಿ, ಆಗ ಬಿಟ್ಟಿದ್ದ ಮೊತ್ತ ಕಟ್ಟಿದರೆ 'ಕ್ಲೋಸ್ಡ್' ಎಂದು ವರದಿ ಮಾಡುವಿರಾ ಎಂದು ಲಿಖಿತವಾಗಿ ಕೇಳಿ. ಒಪ್ಪಿಗೆ ಪತ್ರ ಬಂದ ಮೇಲಷ್ಟೇ ಹಣ ಕಟ್ಟಿ.

ಎಷ್ಟು ಕಾಲ ಹಿಡಿಯುತ್ತದೆ? ಬಳಕೆ ಹೆಚ್ಚಿದ್ದರಿಂದ ಇಳಿದ ಸ್ಕೋರ್ ಬಾಕಿ ಇಳಿದು ಒಂದೆರಡು ತಿಂಗಳಲ್ಲಿ ಚೇತರಿಸಿಕೊಳ್ಳುತ್ತದೆ. ಒಂದು ಸಲದ 30 ದಿನದೊಳಗಿನ ತಡ ವರ್ಷದೊಳಗೆ ಮಂಕಾಗುತ್ತದೆ. 90 ದಿನ ದಾಟಿದ್ದು, ಸೆಟಲ್ಡ್, ರೈಟ್ ಆಫ್ ವರ್ಷಗಟ್ಟಲೆ ಕಾಡುತ್ತವೆ. ದೊಡ್ಡ ಸಾಲ ಬೇಕಿದ್ದರೆ ಸತತ 12 ತಿಂಗಳ '000' ಕೈಯಲ್ಲಿಟ್ಟುಕೊಂಡು ಹೋಗಿ. ಅರ್ಜಿಗೆ ಎರಡು ತಿಂಗಳು ಮೊದಲೇ ನಾಲ್ಕೂ ಸಂಸ್ಥೆಗಳ ರಿಪೋರ್ಟ್ ತೆಗೆಯಿರಿ. ಆ ಬ್ಯಾಂಕ್ ಯಾವ ಸಂಸ್ಥೆಯದನ್ನು ನೋಡುತ್ತದೆಯೋ ಮೊದಲೇ ಹೇಳಲಾಗದು, ಒಂದರಲ್ಲಿ ಸರಿಯಾದದ್ದು ಇನ್ನೊಂದರಲ್ಲಿ ಹಳೆಯದೇ ಉಳಿದಿರಬಹುದು. ಹಾಗೇನಾದರೂ ಕಂಡರೆ ತಿದ್ದಿಸಲು ಬೇಕಾದ 30 ದಿನ ಆಗ ನಿಮ್ಮ ಕೈಯಲ್ಲಿರುತ್ತದೆ.